ಬೆನ್ನು ನೋಡುತ್ತೀರಿ, ಪಾದ ನೋಡುತ್ತೀರಿ, ಬಾಯಿಯನ್ನೂ ನೋಡಿ

ಮನೆಯಲ್ಲಿ ಹಿರಿಯರ ಆರೈಕೆಗೆ ನಿಂತಿರುವ ಸೊಸೆಯಂದಿರಿಗೆ, ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ. ತಮಗೇ ಎಪ್ಪತ್ತಾಗಿದ್ದರೂ ಹಾಸಿಗೆ ಹಿಡಿದ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿರುವವರಿಗೆ,



ನಿಮ್ಮ ಬೆಳಗು ಹೇಗಿರುತ್ತದೆಂದು ನನಗೆ ಗೊತ್ತು. ಡೈಪರ್ ಬದಲಿಸಿ, ಮೈ ಒರೆಸಿ, ಬೆನ್ನಲ್ಲಿ ಹುಣ್ಣೆದ್ದಿದೆಯೇ ಎಂದು ನೋಡಿ, ಮಗ್ಗುಲು ತಿರುಗಿಸಿ ಮಲಗಿಸುತ್ತೀರಿ. ಸಕ್ಕರೆ ಕಾಯಿಲೆಯಿದ್ದರೆ ಬೆರಳು ಚುಚ್ಚಿ ಶುಗರ್ ನೋಡುತ್ತೀರಿ. ಪಾದದಲ್ಲಿ ಗಾಯವಾಗಿದೆಯೇ ಎಂದು ಬೆರಳಿನ ಸಂದಿಯನ್ನೂ ಬಿಡದೆ ಹುಡುಕುತ್ತೀರಿ. ಮಾತ್ರೆ ಪುಡಿ ಮಾಡಿ ಕುಡಿಸುತ್ತೀರಿ, ಗಂಜಿ ಆರಿಸಿ ತಿನ್ನಿಸುತ್ತೀರಿ. ಇದರ ನಡುವೆಯೇ ಮಕ್ಕಳ ಸ್ಕೂಲ್ ಬಸ್ಸು, ನಿಮ್ಮ ಆಫೀಸು, ನೀರು ಬರುವ ಹೊತ್ತು. ಇವುಗಳಲ್ಲಿ ಬಹುಪಾಲನ್ನು ನಿಮಗೆ ಯಾರಾದರೊಬ್ಬರು ಹೇಳಿಕೊಟ್ಟಿದ್ದಾರೆ. ಇನ್ಸುಲಿನ್ ಚುಚ್ಚುವುದನ್ನು ನರ್ಸ್ ತೋರಿಸಿದರು, ಕಾಲು ಮಡಿಸಿ ಬಿಡಿಸುವುದನ್ನು ಫಿಸಿಯೋಥೆರಪಿಯವರು ಕಲಿಸಿದರು. ಆದರೆ ಇನ್ನೊಬ್ಬರ ಬಾಯಿ ತೊಳೆಸುವುದು ಹೇಗೆಂದು ಯಾರಾದರೂ ಒಂದು ದಿನವಾದರೂ ನಿಮಗೆ ತೋರಿಸಿಕೊಟ್ಟಿದ್ದಾರೆಯೇ?

ನಾನು ದಂತವೈದ್ಯೆ. ಆಸ್ಪತ್ರೆಗೆ ಬರಲಾಗದವರ ಮನೆಗೆ ಹೋಗಿ ಬಾಯಿ ನೋಡುವುದು ನನ್ನ ಕೆಲಸದ ಒಂದು ಭಾಗ. ಹೋದ ಮನೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ: ಹಾಸಿಗೆ ಶುಭ್ರ, ಬಟ್ಟೆ ಶುಭ್ರ, ತಲೆ ಬಾಚಿ ಜಡೆ ಹಾಕಿರುತ್ತಾರೆ, ಹಣೆಗೆ ವಿಭೂತಿಯೋ ಕುಂಕುಮವೋ ಇಟ್ಟಿರುತ್ತಾರೆ. ಬಾಯಿ ತೆರೆಸಿ ಟಾರ್ಚ್ ಹಾಕಿದರೆ ಕೆನ್ನೆಯ ಒಳಗೆ ಹಿಂದಿನ ದಿನದ ಅನ್ನ, ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತ ಪಾಚಿ, ಮುಟ್ಟಿದರೆ ರಕ್ತ ಬರುವ ವಸಡು, ಬಿಳಿ ಪದರ ಕಟ್ಟಿದ ನಾಲಿಗೆ. ಎಷ್ಟೋ ಬಾಯಿಗಳಲ್ಲಿ ಮುರಿದ ಬೇರುಗಳು ವಸಡಿನೊಳಗೆ ಕೀವಾಗುತ್ತ ಉಳಿದಿರುತ್ತವೆ. ಅದನ್ನು ತೋರಿಸಿದಾಗ ನಿಮ್ಮ ಮುಖದಲ್ಲಿ ಮೂಡುವ ನೋವನ್ನೂ ನೋಡಿದ್ದೇನೆ. ನಾವು ದಂತವೈದ್ಯರು ಬಳಸುವ ‘ನಿರ್ಲಕ್ಷ್ಯ’ ಎಂಬ ಮಾತನ್ನು ನಿಮ್ಮ ಮೇಲೆ ಹೊರಿಸುವುದು ತಪ್ಪೆಂದು ನನಗೆ ಅನ್ನಿಸಿದ್ದು ಆಗಲೇ. ನಿಮ್ಮಲ್ಲಿ ಪ್ರೀತಿ ಕಡಿಮೆಯಾಗಿರಲಿಲ್ಲ. ಕಲಿಸಬೇಕಾದವರು ಕಲಿಸಿರಲಿಲ್ಲ, ಅಷ್ಟೆ. ಇದು ಕಲಿತರೆ ಬರುವ ಕೆಲಸ ಎಂದು ಹೇಳುವುದಕ್ಕೇ ಈ ಪತ್ರ.

ಹಿರಿಯರು ತಾವಾಗಿ ಹೇಳುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. “ಕಾಡು ಬಾ ಅನ್ನುತ್ತೆ, ಊರು ಹೋಗು ಅನ್ನುತ್ತೆ, ಈಗ ಹಲ್ಲಿಗೆ ಯಾಕಪ್ಪ ದುಡ್ಡು ಸುರೀತೀಯ” ಎನ್ನುವ ತಲೆಮಾರು ಅದು. ಮಕ್ಕಳಿಗೆ ಈಗಾಗಲೇ ಹೊರೆಯಾಗಿದ್ದೇವೆ ಎಂಬ ಅಳುಕು ಬೇರೆ. ಪಾರ್ಶ್ವವಾಯು ಬಡಿದವರಿಗೆ, ಮರೆವಿನ ಕಾಯಿಲೆ ಇರುವವರಿಗೆ ಹೇಳಬೇಕೆನಿಸಿದರೂ ಮಾತು ಬರುವುದಿಲ್ಲ. ಹಾಗಾಗಿ ನೋವನ್ನು ನೀವೇ ಓದಬೇಕು. ಇಷ್ಟವಾಗಿದ್ದ ಚಪಾತಿ, ರೊಟ್ಟಿ ಬೇಡ ಎನ್ನತೊಡಗಿದರೆ, ಒಂದೇ ಕಡೆ ಅಗಿಯುತ್ತಿದ್ದರೆ, ತಣ್ಣೀರು ಕೊಟ್ಟಾಗ ಮುಖ ಸಿಂಡರಿಸಿದರೆ, ಕೈ ಆಗಾಗ ಕೆನ್ನೆಗೆ ಹೋಗುತ್ತಿದ್ದರೆ, ಕಟ್ಟಿಸಿದ ಹಲ್ಲನ್ನು ತೆಗೆದಿಟ್ಟು ಹಾಕಿಕೊಳ್ಳುವುದನ್ನೇ ಬಿಟ್ಟರೆ, ಮುಖ ಒರೆಸಲು ಹೋದಾಗ ಹೊಡೆಯಲು ಬಂದರೆ, ಬಾಯಿ ನೋಡಿ. “ವಯಸ್ಸಾಯ್ತು, ಊಟ ಸೇರ್ತಿಲ್ಲ” ಎಂದು ನಾವು ಕೈಬಿಡುವ ಎಷ್ಟೋ ಸಂದರ್ಭಗಳಲ್ಲಿ ಊಟ ಸೇರುತ್ತಿರುತ್ತದೆ, ಅಗಿಯಲು ಆಗುತ್ತಿರುವುದಿಲ್ಲ.

ವಯಸ್ಸಾದಂತೆ ಬಾಯಿ ಇಷ್ಟು ಬೇಗ ಕೆಡಲು ಕಾರಣಗಳಿವೆ. ಕೈ ನಡುಗುತ್ತದೆ, ಬ್ರಶ್ ಹಿಡಿತಕ್ಕೆ ಸಿಗುವುದಿಲ್ಲ, ಕಣ್ಣು ಮಂಜು. ವಸಡು ಕೆಳಗಿಳಿದು ಹಲ್ಲಿನ ಬೇರು ಹೊರಗೆ ಕಾಣತೊಡಗುತ್ತದೆ. ಬೇರಿಗೆ ಮೇಲ್ಭಾಗದಷ್ಟು ಗಟ್ಟಿಯಾದ ಕವಚವಿಲ್ಲ, ಅಲ್ಲಿ ಹುಳುಕು ಹತ್ತಿದರೆ ಸುತ್ತಲೂ ಕೊರೆದು ಹಲ್ಲು ಬುಡದಲ್ಲೇ ಮುರಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಕಾರಣ ಜೊಲ್ಲು ಬತ್ತುವುದು. ಬಾಯಿಯನ್ನು ದಿನವಿಡೀ ತೊಳೆಯುತ್ತ, ಹುಳಿಯನ್ನು ತಗ್ಗಿಸುತ್ತ ಇರುವುದು ಜೊಲ್ಲು. ಮಾನಸಿಕ ಖಿನ್ನತೆಯ ಮಾತ್ರೆ, ಅಲರ್ಜಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಮೂತ್ರ ತಡೆಯಲಾಗದವರಿಗೆ ಕೊಡುವ ಮಾತ್ರೆ ಹೀಗೆ ನೂರಾರು ಔಷಧಿಗಳು ಅದನ್ನು ಒಣಗಿಸುತ್ತವೆ. ಬಾಯಿ ಒಣಗುತ್ತದೆಂದು ಹಿರಿಯರು ಬೆಲ್ಲದ ಚೂರೋ ಪೆಪ್ಪರ್‌ಮಿಂಟೋ ಚೀಪುತ್ತ ಕೂರುತ್ತಾರೆ. ಸಕ್ಕರೆ ಹಾಕಿದ ಟೀಗೆ ಅದ್ದಿದ ಬಿಸ್ಕತ್ತು ದಿನಕ್ಕೆ ಹಲವು ಸಲ. ರಾತ್ರಿ ಮಲಗುವ ಮುಂಚೆ ಸಿಹಿಯಾದ ಕೆಮ್ಮಿನ ಸಿರಪ್ಪು, ಆಮೇಲೆ ಬಾಯಿ ತೊಳೆಯುವುದಿಲ್ಲ. ಇಷ್ಟು ಸೇರಿದರೆ ಅರವತ್ತೈದು ವರ್ಷ ಗಟ್ಟಿಯಾಗಿದ್ದ ಹಲ್ಲುಗಳೂ ಒಂದೆರಡು ವರ್ಷದಲ್ಲಿ ಹಾಳಾಗಬಹುದು.

ಹಲ್ಲು ಹೋದರೆ ಹೋಗಲಿ ಎನ್ನುವವರಿಗೂ ತಿಳಿದಿರಬೇಕಾದ ವಿಷಯ ಒಂದಿದೆ. ಬಾಯಿಯ ಕೊಳೆ ಬಾಯಿಯಲ್ಲೇ ನಿಲ್ಲುವುದಿಲ್ಲ. ನುಂಗುವ ಶಕ್ತಿ ಕುಂದಿದವರಲ್ಲಿ ನಿದ್ದೆಯ ಹೊತ್ತು ಜೊಲ್ಲು ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತದೆ, ಅದರ ಜೊತೆಗೆ ಬಾಯಿಯ ರೋಗಾಣುಗಳೂ ಇಳಿಯುತ್ತವೆ. ಹಾಸಿಗೆ ಹಿಡಿದವರನ್ನು ಕೊನೆಗೆ ಕೊಂಡೊಯ್ಯುವ ನ್ಯುಮೋನಿಯಾಗಳಲ್ಲಿ ಹಲವು ಹೀಗೆ ಶುರುವಾದವು. ಜಪಾನಿನಲ್ಲಿ ಯೋನೆಯಾಮಾ ಮತ್ತು ಅವರ ಸಂಗಡಿಗರು ಹನ್ನೊಂದು ವೃದ್ಧಾಶ್ರಮಗಳಲ್ಲಿ ಒಂದು ಅಧ್ಯಯನ ಮಾಡಿದರು. ಅರ್ಧದಷ್ಟು ಜನರಿಗೆ ಪ್ರತಿ ಊಟದ ನಂತರ ಆರೈಕೆ ಮಾಡುವವರೇ ಹಲ್ಲುಜ್ಜಿಸಿದರು, ದಂತವೈದ್ಯರು ವಾರಕ್ಕೊಮ್ಮೆ ನೋಡಿದರು. ಉಳಿದವರು ಎಂದಿನಂತೆಯೇ ಇದ್ದರು. ಎರಡು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಎಂದಿನಂತೆ ಬಿಟ್ಟ 182 ಜನರಲ್ಲಿ 34 ಮಂದಿಗೆ ನ್ಯುಮೋನಿಯಾ ಬಂತು, ಹಲ್ಲುಜ್ಜಿಸಿದ 184 ಜನರಲ್ಲಿ 21 ಮಂದಿಗೆ. ಜ್ವರದ ದಿನಗಳೂ ಕಡಿಮೆಯಾದವು, ನ್ಯುಮೋನಿಯಾದಿಂದ ಸತ್ತವರೂ ಕಡಿಮೆ. ಈ ವ್ಯತ್ಯಾಸವನ್ನು ತಂದದ್ದು ಆಂಟಿಬಯೋಟಿಕ್ ಅಲ್ಲ, ಒಂದು ಬ್ರಶ್ಶು ಮತ್ತು ಅದನ್ನು ಹಿಡಿದ ಸಾಮಾನ್ಯ ಜನರ ಕೈ. ನಿಮ್ಮ ಕೈಗೂ ಅದೇ ಶಕ್ತಿಯಿದೆ.

ಸಕ್ಕರೆ ಕಾಯಿಲೆಯ ವಿಷಯವೂ ಅಷ್ಟೆ. ಶುಗರ್ ಹೆಚ್ಚಿದ್ದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರಲು ಸತಾಯಿಸುತ್ತದೆ.

ಈಗ ಎಲ್ಲರ ಮನಸ್ಸಿನಲ್ಲಿದ್ದೂ ಯಾರೂ ಬಾಯಿಬಿಟ್ಟು ಹೇಳದ ಮಾತಿಗೆ ಬರುತ್ತೇನೆ. ಎಂಜಲು. ಇನ್ನೊಬ್ಬರ ಬಾಯಿಗೆ ಕೈ ಹಾಕುವುದು ನಮ್ಮಲ್ಲಿ ಸುಲಭವಲ್ಲ. ಮಲಮೂತ್ರ ಬಳಿಯಲು ಹಿಂಜರಿಯದ ಕೈ ಬಾಯಿಯ ಹತ್ತಿರ ತಡೆಯುತ್ತದೆ. ಮಾವನ ಬಾಯಿಯೊಳಗೆ ಸೊಸೆ ಬೆರಳಿಡುವುದೆಂದರೆ ಇಬ್ಬರಿಗೂ ಸಂಕೋಚ. ಮಾವ ತುಟಿ ಬಿಗಿದು ಮುಖ ತಿರುಗಿಸುವುದು ಹಟದಿಂದಲ್ಲ, ನಾಚಿಕೆಯಿಂದ. ಆ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೈಗವಸು ಹಾಕಿಕೊಂಡರೆ ಅರ್ಧ ಕಡಿಮೆಯಾಗುತ್ತದೆ, ಮತ್ತು ಅದು ಇಬ್ಬರ ಆರೋಗ್ಯಕ್ಕೂ ಒಳ್ಳೆಯದು. ಇನ್ನರ್ಧಕ್ಕೆ ಮದ್ದು ಮನೆಯ ಗಂಡಸರ ಬಳಿ ಇದೆ. ಗಂಡುಮಕ್ಕಳೇ, ಅಪ್ಪನ ಬಾಯಿ ತೊಳೆಸುವುದು ನಿಮ್ಮ ಪಾಲಿನ ಕೆಲಸವಾಗಲಿ. ರಾತ್ರಿ ಊಟದ ನಂತರದ ಐದು ನಿಮಿಷ ಅದು. ಅಪ್ಪನೂ ನಿಮಗೆ ಬೇಗ ಬಾಯಿ ತೆರೆಯುತ್ತಾರೆ.

ಕೆಲಸ ಮಾಡುವ ಬಗೆ ಹೇಳುತ್ತೇನೆ, ಸ್ವಲ್ಪ ವಿವರವಾಗಿಯೇ.

ಅಂಗಾತ ಮಲಗಿರುವವರ ಬಾಯಿಗೆ ನೀರು ಹಾಕಲೇಬಾರದು. ಕೂರಿಸಲು ಆಗುವುದಾದರೆ ಕೂರಿಸಿ, ಇಲ್ಲವೇ ದಿಂಬುಗಳನ್ನು ಒಟ್ಟಿ ತಲೆಯ ಕಡೆ ಎತ್ತರಿಸಿ. ಗದ್ದ ಸ್ವಲ್ಪ ಎದೆಯ ಕಡೆಗೆ ಬಾಗಿರಲಿ, ಹಿಂದಕ್ಕೆ ವಾಲಬಾರದು. ಎತ್ತರಿಸಲು ಆಗದಿದ್ದರೆ ಮಗ್ಗುಲಿಗೆ ತಿರುಗಿಸಿ, ಕೆನ್ನೆಯ ಕೆಳಗೆ ಟವೆಲ್ಲು ಮತ್ತು ಒಂದು ಬಟ್ಟಲು ಇಡಿ. ಎದುರಿಗೆ ನಿಂತು ಕೈ ಚಾಚಿದರೆ ಅವರಿಗೆ ಯಾರೋ ಮೈಮೇಲೆ ಬಂದಂತೆ ಅನ್ನಿಸುತ್ತದೆ. ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಂತು, ನಿಮ್ಮ ಎಡಗೈಯಿಂದ ಗದ್ದವನ್ನು ಮೆಲ್ಲಗೆ ಆನಿಸಿಕೊಂಡರೆ ನಿಮಗೂ ಸರಿಯಾಗಿ ಕಾಣುತ್ತದೆ, ಅವರಿಗೂ ಆಸರೆ ಸಿಗುತ್ತದೆ. ಏನು ಮಾಡಲಿದ್ದೀರಿ ಎಂದು ಹೇಳಿ ಮಾಡಿ, ಅವರಿಗೆ ಕೇಳಿಸದು ಎಂದು ನಿಮಗೆ ಅನ್ನಿಸಿದರೂ.

ಬ್ರಶ್ ಮಕ್ಕಳದ್ದೇ ಒಳ್ಳೆಯದು: ಚಿಕ್ಕ ತಲೆ, ಮೆತ್ತನೆಯ ಎಳೆ. ಪೇಸ್ಟ್ ತುಂಬ ಬೇಡ, ಬ್ರಶ್ಶಿನ ಎಳೆಗಳ ಮೇಲೆ ತೆಳ್ಳಗೆ ಸವರಿದರೆ ಸಾಕು. ನೊರೆ ಹೆಚ್ಚಾದರೆ ನುಂಗಲಾಗದವರಿಗೆ ಉಸಿರು ಕಟ್ಟಿದಂತಾಗುತ್ತದೆ. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ, 1000 ಪಿಪಿಎಂಗಿಂತ ಕಡಿಮೆ ಇರದಿರಲಿ. ಡಬ್ಬಿಯ ಮೇಲೆ ಬರೆದಿರುತ್ತದೆ. ಜೀವಮಾನವಿಡೀ ನಂಜನಗೂಡು ಹಲ್ಲುಪುಡಿಯಲ್ಲೇ ಉಜ್ಜಿದವರು ಪೇಸ್ಟ್ ಬೇಡ ಎನ್ನುತ್ತಾರೆ. ಆ ರುಚಿ, ಆ ವಾಸನೆಯ ನೆನಪು ನನಗೂ ಗೊತ್ತು. ಆದರೆ ಹಾಸಿಗೆಯಲ್ಲಿರುವವರಿಗೆ ಯಾವ ಪುಡಿಯೂ ಬೇಡ. ಪುಡಿ ಗಂಟಲಿಗೆ ಹಾರುತ್ತದೆ, ಬೆರಳಲ್ಲಿ ತಿಕ್ಕಿದರೆ ಹೊರಬಂದಿರುವ ಬೇರು ಸವೆಯುತ್ತದೆ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿಯ ಮಾತಂತೂ ಬೇಡವೇ ಬೇಡ.

ವಸಡು ಮತ್ತು ಹಲ್ಲು ಸೇರುವ ಗೆರೆಯ ಮೇಲೆ ಬ್ರಶ್ಶನ್ನು ಓರೆಯಾಗಿ ಇಟ್ಟು ಸಣ್ಣಗೆ ಅಲುಗಿಸುತ್ತ ಹೋಗಿ. ನಿಮ್ಮ ಬೆರಳಿನಿಂದ ಕೆನ್ನೆಯನ್ನು ಹೊರಕ್ಕೆ ಸರಿಸಿ ಹಿಂದಿನ ದವಡೆ ಹಲ್ಲುಗಳವರೆಗೂ ತಲುಪಿ. ರಕ್ತ ಬಂತೆಂದು ಬಹಳ ಜನ ಉಜ್ಜುವುದನ್ನೇ ನಿಲ್ಲಿಸುತ್ತಾರೆ. ವಸಡಿನ ಬಾವಿನಿಂದ ಬರುವ ರಕ್ತ ಅದು. ಮೆಲ್ಲಗೆ, ದಿನವೂ ಉಜ್ಜಿದರೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಆಮೇಲೂ ನಿಲ್ಲದಿದ್ದರೆ ತೋರಿಸಿ. ಬರೀ ಮುಕ್ಕಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನೀರಿನ ತೊಟ್ಟಿಯ ಗೋಡೆಗೆ ಹಿಡಿದ ಪಾಚಿ ನೀರು ಕುಲುಕಿದರೆ ಹೋಗುತ್ತದೆಯೇ? ಇದೂ ಹೋಗುವುದಿಲ್ಲ, ಉಜ್ಜಲೇಬೇಕು. ಮುಕ್ಕಳಿಸಿ ಉಗುಳಲು ಬಾರದವರಿಗೆ, ಶುದ್ಧವಾದ ಗಾಜ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಬೆರಳಿಗೆ ಸುತ್ತಿ ಒರೆಸಿ ತೆಗೆಯಿರಿ. ಒಂದೂ ಹಲ್ಲಿಲ್ಲದ ಬಾಯಿಗೂ ವಸಡು, ಅಂಗುಳು, ನಾಲಿಗೆ, ಕೆನ್ನೆಯ ಒಳಭಾಗ ಒರೆಸಬೇಕು. ಜಪಾನಿನ ಆ ಅಧ್ಯಯನದಲ್ಲಿ ಹಲ್ಲಿಲ್ಲದವರಿಗೂ ಅನುಕೂಲವಾಗಿತ್ತು.

ಹಲ್ಲುಗಳ ನಡುವೆ ನಿಮ್ಮ ಬೆರಳನ್ನು ಇಡಬೇಡಿ, ಗಾಬರಿಯಲ್ಲಿ ಕಚ್ಚಿಬಿಡುತ್ತಾರೆ. ಬಾಯಿ ತೆರೆದಿಡಲು ಚಮಚದ ಹಿಡಿಯನ್ನು ತುರುಕಬೇಡಿ, ಸಡಿಲವಾದ ಹಲ್ಲು ಮುರಿದು ಗಂಟಲಿಗೆ ಹೋದೀತು. ನಿಂಬೆ ಮತ್ತು ಗ್ಲಿಸರಿನ್ ಸವರುವ ಹಳೆಯ ಪದ್ಧತಿಯನ್ನು ಬಿಡಿ, ಅದು ಬಾಯಿಯನ್ನು ಇನ್ನಷ್ಟು ಒಣಗಿಸುತ್ತದೆ, ಹುಳಿಯಿಂದ ಹಲ್ಲು ಕರಗುತ್ತದೆ. ಒಡೆದ ತುಟಿಗೆ ವ್ಯಾಸಲೀನ್ ಸವರಬಹುದು. ಆಮ್ಲಜನಕದ ನಳಿಕೆ ಹಾಕಿದ್ದರೆ ಮಾತ್ರ ಎಣ್ಣೆ, ತುಪ್ಪ, ವ್ಯಾಸಲೀನ್ ಯಾವುದೂ ಬೇಡ, ನೀರಿನಂಶದ ಜೆಲ್ ಕೇಳಿ ತನ್ನಿ. ದಿನಕ್ಕೆರಡು ಸಲ ಇಷ್ಟು ಮಾಡಿ. ಒಂದೇ ಸಲ ಆಗುವುದೆಂದಾದರೆ ರಾತ್ರಿಯದ್ದನ್ನು ಉಳಿಸಿಕೊಳ್ಳಿ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಇನ್ನೂ ಕಡಿಮೆ.

ಪಾರ್ಶ್ವವಾಯುವಾದವರ ಸೋತ ಕಡೆಯ ಕೆನ್ನೆಯಲ್ಲಿ ಅನ್ನ, ಮುದ್ದೆ, ಮಾತ್ರೆ ಕೂಡ ಸಿಕ್ಕಿಕೊಂಡಿರುತ್ತದೆ. ಆ ಕಡೆ ಅನೇಕರಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಪ್ರತಿ ಊಟದ ನಂತರ ಅಲ್ಲಿ ಬೆರಳಾಡಿಸಿ ನೋಡಿ. ಇನ್ನು, ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿರುವವರ ಬಾಯಿ ತೊಳೆಸುವ ಅಗತ್ಯವೇ ಇಲ್ಲವೆಂದು ಅನೇಕರು ನಂಬಿದ್ದಾರೆ. ಆದರೆ ಅಗಿಯದ ಬಾಯಿಯಲ್ಲಿ ಜೊಲ್ಲು ಹರಿಯುವುದು ಕಡಿಮೆ, ಹಾಗಾಗಿ ಅದು ಇತರರ ಬಾಯಿಗಿಂತ ಬೇಗ ಕೊಳೆಯಾಗುತ್ತದೆ.

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರ ಕಷ್ಟವೇ ಬೇರೆ. ಬ್ರಶ್ ಎಂದರೇನೆಂದೇ ಅವರಿಗೆ ಮರೆತಿರಬಹುದು. ಬಲವಂತ ಮಾಡಿದರೆ ನಾಳೆಗೂ ಕದ ಮುಚ್ಚಿದಂತೆಯೇ. ದಿನವೂ ಅದೇ ಹೊತ್ತು, ಅದೇ ಜಾಗ, ಸಾಧ್ಯವಾದರೆ ಅದೇ ವ್ಯಕ್ತಿ. ಅವರ ಕೈಗೆ ಬ್ರಶ್ ಕೊಟ್ಟು, ಆ ಕೈಯ ಮೇಲೆ ನಿಮ್ಮ ಕೈಯಿಟ್ಟು ಶುರುಮಾಡಿ. ದೇಹಕ್ಕೆ ಹಳೆಯ ಅಭ್ಯಾಸ ನೆನಪಿರುತ್ತದೆ, ಕೆಲವೊಮ್ಮೆ ತಾವೇ ಮುಂದುವರಿಸುತ್ತಾರೆ. ಎದುರಿಗೆ ನೀವೂ ಉಜ್ಜಿಕೊಳ್ಳಿ, ನೋಡಿ ಮಾಡುತ್ತಾರೆ. ಕನ್ನಡಿ ಕೆಲವರಿಗೆ ನೆರವಾಗುತ್ತದೆ, ಕೆಲವರನ್ನು ಹೆದರಿಸುತ್ತದೆ. ಅವರಿಗಿಷ್ಟದ ದೇವರನಾಮವನ್ನೋ ಹಳೆಯ ಸಿನಿಮಾ ಹಾಡನ್ನೋ ಹಾಕಿ. ಆಗಲಿಲ್ಲವೆಂದರೆ ಕಾಲು ಗಂಟೆ ಬಿಟ್ಟು ಬನ್ನಿ. ಮುಂದಿನ ಹಲ್ಲುಗಳಷ್ಟೇ ಉಜ್ಜಲು ಸಾಧ್ಯವಾದರೆ ಇವತ್ತಿಗೆ ಅಷ್ಟೇ ಸಾಕು. ಮರೆವು ಈಗಷ್ಟೇ ಶುರುವಾಗಿದೆ ಎನ್ನುವವರು ಮಾತ್ರ ತಡಮಾಡಬೇಡಿ: ಕುರ್ಚಿಯಲ್ಲಿ ಕೂತು ಬಾಯಿ ತೆರೆಯಲು ಅವರು ಒಪ್ಪುವ ದಿನಗಳಿರುವಾಗಲೇ ಕೀಳಿಸಬೇಕಾದದ್ದು, ತುಂಬಿಸಬೇಕಾದದ್ದನ್ನು ಮುಗಿಸಿಕೊಳ್ಳಿ.

ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆಸಬೇಕು. ಟೋಕಿಯೋದಲ್ಲಿ 85 ದಾಟಿದ 524 ಜನರನ್ನು ಮೂರು ವರ್ಷ ಗಮನಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಟ್ ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗೂ ಮೀರಿತ್ತು. ಬೋಳು ಬಾಯಿಯಲ್ಲಿ ಮೊಮ್ಮಕ್ಕಳೆದುರು ಇರಲು ಅಜ್ಜಿಗೆ ನಾಚಿಕೆಯಾಗುತ್ತದೆ ಎಂದರೆ, ಎಲ್ಲರೂ ಮಲಗಿದ ಮೇಲೆ ತೆಗೆಸಿ, ಬೆಳಗ್ಗೆ ಮೊದಲೇ ಹಾಕಿಸಿ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ ಇರಲಿ, ಕೈಜಾರಿದರೂ ಒಡೆಯುವುದಿಲ್ಲ. ಪೇಸ್ಟ್ ಗೀರು ಬೀಳಿಸುತ್ತದೆ. ಸಾಮಾನ್ಯ ಸೋಪಿನ ನೀರು ಮತ್ತು ಬ್ರಶ್ ಸಾಕು. ಬಿಸಿನೀರಿನಲ್ಲಿ ಸೊಟ್ಟಗಾಗುತ್ತದೆ, ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ. ರಾತ್ರಿ ತಣ್ಣೀರಿನ ಡಬ್ಬಿಯಲ್ಲಿ ಮುಳುಗಿಸಿಡಿ. ಹದಿನೈದು ವರ್ಷದ ಹಿಂದೆ ಕಟ್ಟಿಸಿದ್ದು ಈಗ ಸಡಿಲವಾದರೆ ಅದು ಸೆಟ್ಟಿನ ತಪ್ಪಲ್ಲ, ಒಳಗಿನ ದವಡೆಯ ಮೂಳೆ ಸವೆದಿರುತ್ತದೆ. ಅದನ್ನು ಸರಿಹೊಂದಿಸಬಹುದು, ಹೊಸದನ್ನೂ ಕಟ್ಟಿಸಬಹುದು. ನಮ್ಮ ರಾಜ್ಯದ ದಂತಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಸೆಟ್ ಕಟ್ಟಿಕೊಡುವ ಏರ್ಪಾಡಿದೆ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರನ್ನು ಕೇಳಿ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ಮಾತನ್ನು ಇವತ್ತಿಗೂ ಕೇಳುತ್ತೇನೆ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ಆ ಭಯದಿಂದ ಕೀವುಗಟ್ಟಿದ ಹಲ್ಲನ್ನು ವರ್ಷಗಟ್ಟಲೆ ಇಟ್ಟುಕೊಂಡವರನ್ನು ನೋಡಿದರೆ ಸಂಕಟವಾಗುತ್ತದೆ. ಶುಗರ್ ಇದ್ದವರಿಗೆ ಹಲ್ಲು ಕೀಳಲೇಬಾರದು ಎಂಬುದೂ ನಿಜವಲ್ಲ, ಹತೋಟಿಯಲ್ಲಿದ್ದರೆ ಕೀಳಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು, ಅಂದರೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮುಂತಾದವನ್ನು, ಹಲ್ಲು ಕೀಳಿಸುವುದಕ್ಕೆಂದು ನೀವೇ ನಿಲ್ಲಿಸಬೇಡಿ. ಹೃದಯಕ್ಕೋ ಮಿದುಳಿಗೋ ಬರುವ ಅಪಾಯ ವಸಡಿನ ರಕ್ತಸ್ರಾವಕ್ಕಿಂತ ದೊಡ್ಡದು. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆಯನ್ನೋ ವರ್ಷಕ್ಕೊಂದು ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ದಂತವೈದ್ಯರಿಗೆ ತಪ್ಪದೆ ತಿಳಿಸಿ, ಕಿತ್ತ ಜಾಗದ ಮೂಳೆ ಮಾಯದೇ ಉಳಿಯುವ ಸಾಧ್ಯತೆಯಿದೆ. ವಸಡು ಹಲ್ಲಿನ ಮೇಲಕ್ಕೆ ಊದಿ ಬೆಳೆಯುತ್ತಿದ್ದರೆ ಬಿಪಿಯ ಆಮ್ಲೋಡಿಪಿನ್ ಮಾತ್ರೆ ಕಾರಣವಿರಬಹುದು. ಮಾತ್ರೆಗಳ ಚೀಟಿಯನ್ನೆಲ್ಲ ಒಂದು ಕವರಿಗೆ ಹಾಕಿ ಜೊತೆಗೆ ತನ್ನಿ ಎಂದು ನಾನು ಬೇಡಿಕೊಳ್ಳುವುದು ಇದಕ್ಕೇ. ಮತ್ತೆ, ಯಂತ್ರದಿಂದ ಕೊರೆಯದೆ, ಹುಳುಕಿನ ಮೇಲೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಸವರಿ ಅದನ್ನು ಅಲ್ಲಿಗೇ ನಿಲ್ಲಿಸುವ ಚಿಕಿತ್ಸೆಯಿದೆ. ಮಂಚದಲ್ಲಿ ಮಲಗಿದ್ದವರಿಗೂ ಮಾಡಬಹುದು. ಆ ಜಾಗ ಕಪ್ಪಾಗುತ್ತದೆ, ನೋವು ತಪ್ಪುತ್ತದೆ.

ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗಿಟ್ಟುಕೊಳ್ಳುವ ಅಜ್ಜಿಯರ ವಿಷಯ ಬರೆಯುವಾಗ ಮನಸ್ಸು ಹಿಂಜರಿಯುತ್ತದೆ, ಅವರಿಗೆ ಉಳಿದಿರುವ ಸುಖ ಅದೊಂದೇ ಎಂದು. ಆದರೂ ಹೇಳಬೇಕು. ಹೊಗೆಸೊಪ್ಪು, ಕಡ್ಡಿಪುಡಿ ಮಾತ್ರವಲ್ಲ, ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಬಿಡಿಸಲು ಆಗದಿದ್ದರೂ ಕೆನ್ನೆಯಲ್ಲಿ ಒತ್ತಿಟ್ಟುಕೊಂಡು ಮಲಗಲು ಬಿಡಬೇಡಿ. ವಾರಕ್ಕೊಮ್ಮೆ ಆ ಜಾಗವನ್ನು ಟಾರ್ಚಿನಲ್ಲಿ ನೋಡಿ. ಎರಡು ವಾರದಲ್ಲಿ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ದಿನೇದಿನೇ ಕಿರಿದಾಗುತ್ತಿರುವ ಬಾಯಿ ಕಂಡರೆ ಮನೆಮದ್ದು ಹಚ್ಚುತ್ತ ಕೂರಬೇಡಿ.

ಇಷ್ಟೆಲ್ಲ ಓದಿ “ವಯಸ್ಸಾದ ಮೇಲೆ ಹಲ್ಲು ಬೀಳೋದು ಸಹಜ ಅಲ್ವಾ ಮೇಡಂ” ಎನ್ನುವವರಿಗೆ ಜಪಾನಿನದೇ ಇನ್ನೊಂದು ಸಂಗತಿ ಹೇಳುತ್ತೇನೆ. 80ನೇ ವಯಸ್ಸಿನಲ್ಲಿ 20 ಸ್ವಂತ ಹಲ್ಲುಗಳು ಉಳಿದಿರಬೇಕೆಂದು 1989ರಲ್ಲಿ ಅಲ್ಲಿ ಒಂದು ಅಭಿಯಾನ ಶುರುವಾಯಿತು. ಆಗ ಹತ್ತು ಜನರಲ್ಲಿ ಒಬ್ಬರಿಗೂ ಅಷ್ಟು ಹಲ್ಲು ಉಳಿಯುತ್ತಿರಲಿಲ್ಲ. 2016ರ ಸಮೀಕ್ಷೆಯ ಹೊತ್ತಿಗೆ ಆ ವಯಸ್ಸಿನ ಅರ್ಧದಷ್ಟು ಜನ ಗುರಿ ಮುಟ್ಟಿದ್ದರು. ಬದಲಾಗಿದ್ದು ಅಭ್ಯಾಸ, ಮತ್ತು ಕಲಿಸುವ ವ್ಯವಸ್ಥೆ.

ಕಲಿಸುವ ವ್ಯವಸ್ಥೆಯಲ್ಲಿ ನಾವು ಬಹಳ ಹಿಂದಿದ್ದೇವೆ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ 60 ದಾಟಿದವರು ಐವತ್ತೇಳು ಲಕ್ಷಕ್ಕೂ ಹೆಚ್ಚಿದ್ದರು. ದಂತ ವೈದ್ಯಕೀಯ ಕಾಲೇಜುಗಳು ರಾಜ್ಯದಲ್ಲಿ ನಲವತ್ತಕ್ಕೂ ಮೇಲಿವೆ. ಮಕ್ಕಳ ಹಲ್ಲಿಗೆ ಪ್ರತ್ಯೇಕ ಸ್ನಾತಕೋತ್ತರ ವಿಭಾಗವಿದೆ, ಹಿರಿಯರ ಹಲ್ಲಿಗೆ ಈ ದೇಶದಲ್ಲಿ ಅಂಥದ್ದೊಂದು ಇಲ್ಲ. ನಾವು ಶಾಲೆಗಳಿಗೆ ದೊಡ್ಡ ಪ್ಲಾಸ್ಟಿಕ್ ಹಲ್ಲಿನ ಮಾದರಿಗಳನ್ನು ಹೊತ್ತೊಯ್ದು ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸುತ್ತೇವೆ. ಅದು ಬೇಕು. ಅಷ್ಟೇ ಬೇಕಾದದ್ದು ನಿಮಗೆ, ನಿಮ್ಮ ಮನೆಯ ಹೋಂ ನರ್ಸ್‌ಗೆ, ಓಣಿಯ ಆಶಾ ಕಾರ್ಯಕರ್ತೆಗೆ ಕಲಿಸುವುದು. ಕೇಳಿದರೆ ಮಾತ್ರ ಅದು ಆಗುತ್ತದೆ ಎಂದು ನನ್ನ ಅನುಭವ ಹೇಳುತ್ತದೆ. ನಿಮ್ಮ ಮಹಿಳಾ ಸಂಘ, ಹಿರಿಯ ನಾಗರಿಕರ ವೇದಿಕೆ, ಅಪಾರ್ಟ್‌ಮೆಂಟಿನ ಸಂಘ ಯಾವುದರ ಹೆಸರಿನಲ್ಲಾದರೂ ಹತ್ತಿರದ ದಂತ ಕಾಲೇಜಿನ ಸಾರ್ವಜನಿಕ ದಂತ ಆರೋಗ್ಯ ವಿಭಾಗಕ್ಕೆ ಒಂದು ಪತ್ರ ಬರೆಯಿರಿ: ಆರೈಕೆ ಮಾಡುವವರಿಗೆ ಒಂದು ಮಧ್ಯಾಹ್ನದ ತರಬೇತಿ ಕೊಡಿ ಎಂದು. ಸಂಚಾರಿ ದಂತ ಚಿಕಿತ್ಸಾ ವಾಹನಗಳು ಅವರ ಬಳಿ ಇರುತ್ತವೆ. ಹಾಸಿಗೆ ಹಿಡಿದವರು ಯಾವ ಮನೆಗಳಲ್ಲಿದ್ದಾರೆಂಬ ಪಟ್ಟಿ ಅವರ ಬಳಿ ಇರುವುದಿಲ್ಲ, ಅದನ್ನು ನೀವು ಕೊಡಬಹುದು.

ದೂರದಲ್ಲಿರುವ ಅಣ್ಣಂದಿರಿಗೂ ಅಕ್ಕಂದಿರಿಗೂ ಒಂದು ಮಾತು. ಬೆಂಗಳೂರಿನಿಂದಲೋ ನ್ಯೂಜೆರ್ಸಿಯಿಂದಲೋ ವಿಡಿಯೋ ಕಾಲ್ ಮಾಡಿ “ಊಟ ಆಯ್ತಾ ಅಮ್ಮ” ಎಂದು ಕೇಳುತ್ತೀರಿ, ಆಯಿತೆನ್ನುತ್ತಾರೆ. ಏನು ಊಟ ಮಾಡಿದೆ, ಅಗಿಯೋಕೆ ಆಯಿತಾ ಎಂದು ಕೇಳಿ. ಹಣ ಕಳಿಸುವಾಗ ದಂತವೈದ್ಯರು ಮನೆಗೆ ಬರುವ ಖರ್ಚನ್ನೂ ಸೇರಿಸಿ. ಮುಂದಿನ ಸಲ ಊರಿಗೆ ಬಂದಾಗ ಇರುವಷ್ಟು ದಿನವೂ ರಾತ್ರಿಯ ಬ್ರಶ್ ಕೆಲಸ ನಿಮ್ಮದಾಗಲಿ. ವರ್ಷವಿಡೀ ಮಾಡುವ ನಿಮ್ಮ ತಂಗಿಗೋ ಅತ್ತಿಗೆಗೋ ಅಷ್ಟು ದಿನ ಬೇಗ ಮಲಗಲು ಸಿಗುತ್ತದೆ.

ಆಸ್ಪತ್ರೆಯಿಂದ ಹಿರಿಯರನ್ನು ಬಿಡುಗಡೆ ಮಾಡಿಸಿಕೊಂಡು ಬರುವ ದಿನ ಔಷಧಿ, ಬಿಲ್ಲು, ಆಂಬುಲೆನ್ಸ್ ಎಂದು ಗಡಿಬಿಡಿಯಿರುತ್ತದೆ. ಆ ಗಡಿಬಿಡಿಯಲ್ಲೂ ನರ್ಸ್ ಹತ್ತಿರ ಐದು ನಿಮಿಷ ಕೇಳಿ, “ಇವರ ಬಾಯಿ ಹೇಗೆ ತೊಳೆಸಬೇಕು, ಒಂದ್ಸಲ ಮಾಡಿ ತೋರಿಸಿ, ಆಮೇಲೆ ನಾನು ಮಾಡ್ತೀನಿ, ಸರಿಯಿದೆಯಾ ನೋಡಿ” ಎಂದು. ನನ್ನಂಥ ದಂತವೈದ್ಯರ ಬಳಿ ಬಂದಾಗಲೂ ಹೀಗೆಯೇ ಕೇಳಿ. ತೋರಿಸದೆ ಕಳಿಸಿದರೆ ಮತ್ತೊಮ್ಮೆ ಕೇಳಿ.

ಇಂತಿ,
ನಿಮ್ಮ ಮನೆಗಳ ಹಿರಿಯರ ಬಾಯಿ ನೋಡುವ ದಂತವೈದ್ಯೆ